ಕೊನೆಯ ಸಾಲನ್ನೂ ಓದಿ: ಲಂಡನ್ನಿನ ಮ್ಯೂಸಿಯಂಗಳಲ್ಲಿ ಒಬ್ಬ ವಿದ್ಯಾರ್ಥಿ

(ಧಾರವಾಡದಲ್ಲಿ ಕಾಲೇಜು ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಹೊರದೇಶದಲ್ಲಿ ಓದಿ ಬಂದವರು ಸಿಕ್ಕರೆ ಎಲ್ಲರೂ ವೀಸಾ, ಸ್ಕಾಲರ್‌ಶಿಪ್, ಪಾರ್ಟ್‌ಟೈಮ್ ಕೆಲಸದ ಬಗ್ಗೆ ಕೇಳುತ್ತಾರೆ. ಕೇಳಬೇಕು ಕೂಡ. ಆದರೆ ಆ ಮಾಹಿತಿ ನಿಮ್ಮ ಫೋನಿನಲ್ಲೇ ಸಿಗುತ್ತದೆ. ನಾನು ಇವತ್ತು ಮಾತಾಡಬೇಕು ಅಂತ ಬಂದಿರುವುದು ಮ್ಯೂಸಿಯಂಗಳ ಬಗ್ಗೆ. ನಾನು ಲಂಡನ್ನಿಗೆ ಹೋಗಿದ್ದು ನೀರಿನ ಇಂಜಿನಿಯರಿಂಗ್ ಓದಲಿಕ್ಕೆ. ಇತಿಹಾಸ ನನ್ನ ವಿಷಯವಲ್ಲ. ಆದರೂ ಆ ಊರಿನಲ್ಲಿ ನಾನು ಕಲಿತದ್ದರಲ್ಲಿ ದೊಡ್ಡ ಪಾಲು ಕ್ಲಾಸಿನ ಹೊರಗೆ, ಗಾಜಿನ ಕಪಾಟುಗಳ ಮುಂದೆ ಕಲಿತದ್ದು. ಅದರಲ್ಲೂ ನಮ್ಮ ಧಾರವಾಡ, ಕಿತ್ತೂರು, ಶ್ರೀರಂಗಪಟ್ಟಣದ ಬಗ್ಗೆ ಅಲ್ಲಿ ತಿಳಿದದ್ದು ಜಾಸ್ತಿ.

ಮೊದಲು ದುಡ್ಡಿನ ವಿಷಯ ಹೇಳಿಬಿಡುತ್ತೇನೆ. ಲಂಡನ್ನಿನಲ್ಲಿ ವಿದ್ಯಾರ್ಥಿಗೆ ಎಲ್ಲವೂ ದುಬಾರಿ. ಬಾಡಿಗೆ, ಊಟ, ರೈಲು, ಕೂದಲು ಕತ್ತರಿಸುವುದು ಕೂಡ. ಆದರೆ ಬ್ರಿಟಿಷ್ ಮ್ಯೂಸಿಯಂ, ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ, ಸೈನ್ಸ್ ಮ್ಯೂಸಿಯಂ, ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ, ನ್ಯಾಷನಲ್ ಗ್ಯಾಲರಿ, ಟೇಟ್, ಇವುಗಳ ಒಳಗೆ ಹೋಗಲು ಒಂದು ಪೆನ್ನಿಯೂ ಬೇಡ. ಕೆಲವು ಹಿಂದಿನಿಂದಲೂ ಉಚಿತ. ಟಿಕೆಟ್ ಇಟ್ಟಿದ್ದ ರಾಷ್ಟ್ರೀಯ ಮ್ಯೂಸಿಯಂಗಳು 2001ರ ಡಿಸೆಂಬರಿನಿಂದ ಅದನ್ನು ತೆಗೆದುಹಾಕಿದವು. ವಿಶೇಷ ಪ್ರದರ್ಶನಗಳಿಗೆ ಮಾತ್ರ ದುಡ್ಡು.

ಇದು ಬರೀ ದುಡ್ಡು ಉಳಿಯುವ ಮಾತಲ್ಲ. ಟಿಕೆಟ್ ಕೊಂಡು ಒಳಗೆ ಹೋದರೆ ಏನಾಗುತ್ತದೆ ನಿಮಗೆ ಗೊತ್ತು. ಕೊಟ್ಟ ದುಡ್ಡಿಗೆ ಎಲ್ಲವನ್ನೂ ನೋಡಿಯೇ ತೀರಬೇಕು ಅನಿಸುತ್ತದೆ. ಕಾಲು ನೋಯುತ್ತದೆ, ತಲೆ ತುಂಬುತ್ತದೆ, ಹೊರಗೆ ಬಂದ ಮೇಲೆ ಒಂದೂ ನೆನಪಿರುವುದಿಲ್ಲ. ಟಿಕೆಟ್ಟೇ ಇಲ್ಲದಿದ್ದರೆ ಎರಡು ಕ್ಲಾಸುಗಳ ನಡುವೆ ಇಪ್ಪತ್ತು ನಿಮಿಷ ಸಿಕ್ಕರೂ ಹೋಗಿಬರಬಹುದು. ಒಂದೇ ವಸ್ತುವನ್ನು ನೋಡಿ ವಾಪಸ್ ಬರಬಹುದು. ಶುಕ್ರವಾರ ಬ್ರಿಟಿಷ್ ಮ್ಯೂಸಿಯಂ ರಾತ್ರಿ ಎಂಟೂವರೆವರೆಗೆ ತೆರೆದಿರುತ್ತದೆ, ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಹತ್ತರವರೆಗೆ. ಮಧ್ಯಾಹ್ನದ ಗದ್ದಲ ಕರಗಿದ ಮೇಲೆ ಸಂಜೆ ಹೋಗಿ ಅನ್ನುವುದು ನನ್ನ ಸಲಹೆ.

ಬ್ರಿಟಿಷ್ ಮ್ಯೂಸಿಯಂನಲ್ಲಿ ಸುಮಾರು 80 ಲಕ್ಷ ವಸ್ತುಗಳಿವೆ. ಜನರ ಕಣ್ಣಿಗೆ ಬೀಳುವಂತೆ ಇಟ್ಟಿರುವುದು ಸುಮಾರು 80 ಸಾವಿರ, ಅಂದರೆ ನೂರಕ್ಕೆ ಒಂದು. ಅಷ್ಟನ್ನಾದರೂ ಯಾರು ನೋಡಿ ಮುಗಿಸುತ್ತಾರೆ? ಹಾಗಾಗಿ ನಾನು ಒಂದು ರೂಢಿ ಮಾಡಿಕೊಂಡೆ. ಒಂದು ಸಲಕ್ಕೆ ಒಂದು ಕೋಣೆ, ಆ ಕೋಣೆಯಲ್ಲಿ ಒಂದೆರಡು ವಸ್ತು. ಅದರ ಪಕ್ಕದ ಫಲಕವನ್ನು ಪೂರ್ತಿ ಓದುವುದು, ಕೊನೆಯ ಸಾಲಿನವರೆಗೂ.

ಕೊನೆಯ ಸಾಲು ಅಂತ ಯಾಕೆ ಒತ್ತಿ ಹೇಳುತ್ತಿದ್ದೇನೆ ಅಂದರೆ, ಫಲಕದ ಮೇಲಿನ ಸಾಲುಗಳು ಆ ವಸ್ತು ಏನು, ಯಾವ ಕಾಲದ್ದು ಅಂತ ಹೇಳುತ್ತವೆ. ಕೆಳಗೆ ಸಣ್ಣ ಅಕ್ಷರದಲ್ಲಿ ಯಾರು ಕೊಟ್ಟರು ಅಂತ ಇರುತ್ತದೆ, ಜೊತೆಗೆ ಒಂದು ನಂಬರು. ಬಂದವರಲ್ಲಿ ಹೆಚ್ಚಿನವರು ಅದನ್ನು ಓದುವುದೇ ಇಲ್ಲ. ಬ್ರಿಟಿಷ್ ಮ್ಯೂಸಿಯಂನ ಎಷ್ಟೋ ನಂಬರುಗಳಲ್ಲಿ ಮೊದಲು ಇಸವಿ, ಆಮೇಲೆ ತಿಂಗಳು ಮತ್ತು ದಿನ, ಕೊನೆಗೆ ಕ್ರಮಸಂಖ್ಯೆ. ಇದು ತಿಳಿದರೆ ಆ ವಸ್ತು ಯಾವ ದಿನ ಮ್ಯೂಸಿಯಂನ ದಫ್ತರಕ್ಕೆ ಸೇರಿತು ಅಂತ ನೀವೇ ಓದಿಕೊಳ್ಳಬಹುದು. ನಾನು ಇವತ್ತು ಹೇಳುವ ಕಥೆಗಳೆಲ್ಲ ಹೆಚ್ಚುಕಡಿಮೆ ಇಂಥ ಸಣ್ಣ ಅಕ್ಷರಗಳಿಂದಲೇ ಹುಟ್ಟಿದವು.

ಒಂದು ವಸ್ತುವಿನಲ್ಲಿ ಈ ಕೊನೆಯ ಸಾಲು ಫಲಕದ ಮೇಲಲ್ಲ, ವಸ್ತುವಿನ ಮೈಮೇಲೆಯೇ ಇದೆ. ಅದು ರೊಸೆಟ್ಟಾ ಕಲ್ಲು. ಕ್ರಿ.ಪೂ. 196ರ ಶಾಸನ. ಒಂದೇ ಆಜ್ಞೆಯನ್ನು ಮೂರು ಲಿಪಿಗಳಲ್ಲಿ ಕೆತ್ತಿದ್ದಾರೆ: ಮೇಲೆ ಈಜಿಪ್ಟಿನ ಚಿತ್ರಲಿಪಿ, ನಡುವೆ ಡೆಮೋಟಿಕ್ ಅನ್ನುವ ಈಜಿಪ್ಟಿನ ಜನಬಳಕೆಯ ಲಿಪಿ, ಕೆಳಗೆ ಗ್ರೀಕ್. ಇದರ ನೆರವಿನಿಂದಲೇ ಫ್ರೆಂಚ್ ವಿದ್ವಾಂಸ ಶಾಂಪೋಲಿಯನ್ 1822ರಲ್ಲಿ ಚಿತ್ರಲಿಪಿಯ ಗುಟ್ಟು ಬಿಡಿಸಿದ. ಇದರ ಮುಂದೆ ಯಾವಾಗಲೂ ಜನಜಂಗುಳಿ. ಎಲ್ಲರೂ ಎದುರಿಗೆ ನಿಂತು ಫೋಟೊ ತೆಗೆಯುತ್ತಾರೆ. ನೀವು ಹೋದರೆ ಪಕ್ಕಕ್ಕೆ ಸರಿದು ಕಲ್ಲಿನ ಅಂಚು ನೋಡಿ. ಒಂದು ಬದಿಯಲ್ಲಿ, 1801ರಲ್ಲಿ ಬ್ರಿಟಿಷ್ ಸೈನ್ಯ ಈಜಿಪ್ಟಿನಲ್ಲಿ ವಶಪಡಿಸಿಕೊಂಡದ್ದು ಅಂತ ಇಂಗ್ಲಿಷಿನಲ್ಲಿ ಬಣ್ಣದಿಂದ ಬರೆದಿದ್ದಾರೆ. ಇನ್ನೊಂದು ಬದಿಯಲ್ಲಿ, ಮೂರನೇ ಜಾರ್ಜ್ ದೊರೆ ಕೊಟ್ಟದ್ದು ಅಂತ. ಹಾಗೆ ನೋಡಿದರೆ ಆ ಕಲ್ಲಿನ ಮೇಲೆ ನಾಲ್ಕು ಲಿಪಿಗಳಿವೆ. ನಾಲ್ಕನೆಯದು ಸೈನ್ಯದ್ದು.

ಈ ಕಲ್ಲು ಫ್ರೆಂಚ್ ಸೈನಿಕರಿಗೆ ಸಿಕ್ಕಿದ್ದು 1799ರ ಜುಲೈನಲ್ಲಿ. 1799 ಅಂದರೆ ಕನ್ನಡದ ಮಕ್ಕಳಿಗೆ ನೆನಪಾಗುವುದು ಏನು? ಮೇ 4, ಶ್ರೀರಂಗಪಟ್ಟಣ, ಟಿಪ್ಪು ಸುಲ್ತಾನ್ ಸತ್ತ ದಿನ. ನನಗೂ ಅದೇ ನೆನಪಾಯಿತು. ಸುಮ್ನೆ ಕಾಕತಾಳೀಯ ಅಂದುಕೊಂಡು ಓದುತ್ತಾ ಹೋದೆ. ಕಾಕತಾಳೀಯ ಅಲ್ಲ. ಅವೆರಡೂ ಬ್ರಿಟಿಷರು ಮತ್ತು ಫ್ರೆಂಚರ ನಡುವಿನ ಒಂದೇ ಜಗಳದ ಎರಡು ತುದಿಗಳು. ಈಜಿಪ್ಟಿನಲ್ಲಿ ಬೀಡುಬಿಟ್ಟಿದ್ದ ನೆಪೋಲಿಯನ್ 1799ರ ಮೊದಲ ತಿಂಗಳುಗಳಲ್ಲಿ ಕೈರೋದಿಂದ ಟಿಪ್ಪುವಿಗೆ ಪತ್ರ ಬರೆದಿದ್ದ. ಆ ಪತ್ರ ಟಿಪ್ಪುವಿಗೆ ಮುಟ್ಟಲಿಲ್ಲ, ದಾರಿಯಲ್ಲೇ ಬ್ರಿಟಿಷರ ಕೈಗೆ ಸಿಕ್ಕಿತು.

ಇನ್ನೊಂದು ನಂಟು ಡೇವಿಡ್ ಬೇರ್ಡ್ ಅನ್ನುವ ಸೇನಾಧಿಕಾರಿಯದು. 1780ರಲ್ಲಿ ಪೊಲ್ಲಿಲೂರಿನಲ್ಲಿ ಹೈದರ್ ಮತ್ತು ಟಿಪ್ಪುವಿನ ಸೇನೆ ಈಸ್ಟ್ ಇಂಡಿಯಾ ಕಂಪನಿಯ ದಂಡನ್ನು ಸೋಲಿಸಿತು. ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯ ಗೋಡೆಯ ಮೇಲಿನ ದೊಡ್ಡ ಯುದ್ಧಚಿತ್ರ ಶಾಲೆಯ ಪ್ರವಾಸದಲ್ಲಿ ನೀವೂ ನೋಡಿರುತ್ತೀರಿ, ಅದೇ ಯುದ್ಧ. ಅಲ್ಲಿ ಸೆರೆಸಿಕ್ಕಿದವರಲ್ಲಿ ಈ ಬೇರ್ಡ್ ಒಬ್ಬ. 1784ರವರೆಗೆ ಶ್ರೀರಂಗಪಟ್ಟಣದ ಸೆರೆಯಲ್ಲಿದ್ದ. 1799ರ ಮೇ 4ರಂದು ಅದೇ ಕೋಟೆಯ ಒಡೆದ ಗೋಡೆಯೊಳಗೆ ಸೈನ್ಯ ನುಗ್ಗಿಸಿದವನೂ ಅವನೇ. ಎರಡು ವರ್ಷದ ನಂತರ ಅವನು ಇಲ್ಲಿಂದ ಭಾರತದ ಸಿಪಾಯಿಗಳನ್ನು ಕರೆದುಕೊಂಡು ಕೆಂಪು ಸಮುದ್ರ ದಾಟಿ, ಮರುಭೂಮಿಯಲ್ಲಿ ನಡೆದು, ನೈಲ್ ನದಿಯ ಗುಂಟ ರೊಸೆಟ್ಟಾದವರೆಗೆ ಹೋದ. ನಮ್ಮ ಜನ ಅಷ್ಟು ದೂರ ನಡೆದದ್ದು ಶಾಲೆಯ ಪುಸ್ತಕದಲ್ಲಿ ನಾನು ಓದಿರಲಿಲ್ಲ. ಅವರು ತಲುಪುವ ಹೊತ್ತಿಗೆ ಯುದ್ಧ ಹೆಚ್ಚುಕಡಿಮೆ ಮುಗಿದಿತ್ತು. ಆದರೆ ಕಲ್ಲಿನ ಅಂಚಿನ ಮೇಲಿರುವ 'ಬ್ರಿಟಿಷ್ ಸೈನ್ಯ' ಅನ್ನುವ ಮಾತನ್ನು ಓದುವಾಗ ಆ ಸಿಪಾಯಿಗಳೂ ನನ್ನ ಕಣ್ಣ ಮುಂದೆ ಬರುತ್ತಾರೆ.

ಅಲ್ಲಿಂದ ಸೌತ್ ಕೆನ್ಸಿಂಗ್ಟನ್‌ಗೆ ಹೋಗೋಣ. ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ ಟಿಪ್ಪುವಿನ ಹುಲಿ ಇದೆ. ಹೋಗುವ ಮುಂಚೆ ಅವರ ವೆಬ್‌ಸೈಟ್ ನೋಡಿಕೊಳ್ಳಿ, ಗ್ಯಾಲರಿಗಳನ್ನು ಆಗಾಗ ಕೆಲಸಕ್ಕಾಗಿ ಮುಚ್ಚಿರುತ್ತಾರೆ.

ಚಿತ್ರದಲ್ಲಿ ನೋಡಿದ್ದಕ್ಕೂ ಎದುರಿಗೆ ನೋಡುವುದಕ್ಕೂ ಬಹಳ ವ್ಯತ್ಯಾಸವಿದೆ. ನಾನು ಆಟದ ಗೊಂಬೆಯಷ್ಟು ಇರಬಹುದು ಅಂದುಕೊಂಡಿದ್ದೆ. ಅದು ಸುಮಾರು 178 ಸೆಂಟಿಮೀಟರ್ ಉದ್ದ, ಅಂದರೆ ಒಬ್ಬ ಆಳು ಮಲಗಿದಷ್ಟು. ಮರದಲ್ಲಿ ಕೆತ್ತಿ ಬಣ್ಣ ಹಚ್ಚಿದ್ದಾರೆ. 1790ರ ದಶಕದಲ್ಲಿ ಟಿಪ್ಪುವಿಗಾಗಿ ಮಾಡಿದ್ದು. ಕೆಂಪು ಕೋಟಿನ ಯುರೋಪಿನ ಮನುಷ್ಯನೊಬ್ಬ ಅಂಗಾತ ಬಿದ್ದಿದ್ದಾನೆ, ತಲೆಯ ಮೇಲೆ ಕಪ್ಪು ಟೋಪಿ ಹಾಗೇ ಇದೆ, ಕಣ್ಣು ತೆರೆದಿದೆ. ಹುಲಿ ಅವನ ಕುತ್ತಿಗೆಗೆ ಬಾಯಿ ಹಾಕಿದೆ. ಕೋಟಿನ ಮೇಲೆ ಹೂವಿನ ಚಿತ್ತಾರವಿದೆ. ಇಂಗ್ಲಿಷ್ ಸೈನಿಕನ ಕೋಟಿನ ಮೇಲೆ ಹೂವು ಎಲ್ಲಿರುತ್ತದೆ? ಅದು ನಮ್ಮ ಬಣ್ಣಗಾರನ ಕೈ. ಆ ಮನುಷ್ಯನ ಹೆಸರು ಎಲ್ಲೂ ಇಲ್ಲ, ಆದರೆ ಅವನ ರುಚಿ ಆ ಕೋಟಿನ ಮೇಲೆ ಉಳಿದಿದೆ. ನನಗೆ ಇಡೀ ಹುಲಿಯಲ್ಲಿ ಬಹಳ ಹಿಡಿಸಿದ್ದು ಅದೇ.

ಹುಲಿಯ ಹೊಟ್ಟೆಯೊಳಗೆ ಒಂದು ವಾದ್ಯವಿದೆ, ತಿದಿ ಮತ್ತು ಕೊಳವೆಗಳಿರುವ ಆರ್ಗನ್. ಪಕ್ಕೆಯ ಬಾಗಿಲು ತೆರೆದರೆ ದಂತದ ಕೀಲಿಗಳ ಸಾಲು. ಹಿಡಿಕೆ ತಿರುಗಿಸಿದರೆ ಮನುಷ್ಯನ ಎಡಗೈ ಮೇಲೆ ಕೆಳಗೆ ಆಡುತ್ತದೆ, ಅವನು ನರಳುವ ಸದ್ದು, ಹುಲಿ ಗುರುಗುಟ್ಟುವ ಸದ್ದು ಬರುತ್ತದೆ. ಇಂಜಿನಿಯರಿಂಗ್ ಓದಿದವರಿಗೆ ಇದು ಹಬ್ಬ. ಒಂದೇ ಹಿಡಿಕೆಯಿಂದ ಎರಡು ಬೇರೆ ಬೇರೆ ಸದ್ದು, ಜೊತೆಗೆ ಒಂದು ಚಲನೆ. ಈಗ ಅದನ್ನು ಎಲ್ಲರ ಕೈಗೆ ಕೊಟ್ಟು ತಿರುಗಿಸಲು ಬಿಡುವುದಿಲ್ಲ, ಅದು ಸರಿಯೇ.

ಈಗ ಕೊನೆಯ ಸಾಲಿಗೆ ಬನ್ನಿ. ಕೋಟೆ ಬಿದ್ದ ಮೇಲೆ ಅರಮನೆಯಲ್ಲಿ ಸಿಕ್ಕ ಈ ಹುಲಿಯನ್ನು ಈಸ್ಟ್ ಇಂಡಿಯಾ ಕಂಪನಿ ಲಂಡನ್ನಿಗೆ ಸಾಗಿಸಿತು. 1808ರಿಂದ ಲೆಡನ್‌ಹಾಲ್ ಬೀದಿಯ ಕಂಪನಿ ಕಚೇರಿಯಲ್ಲಿ ಇದನ್ನು ಜನರಿಗೆ ತೋರಿಸುತ್ತಿದ್ದರು. ಬಂದವರು ಹಿಡಿಕೆ ತಿರುಗಿಸಿ ತಿರುಗಿಸಿ, ಲೈಬ್ರರಿಯಲ್ಲಿ ಓದುತ್ತಿದ್ದವರಿಗೆ ಆ ಸದ್ದು ಸಾಕುಸಾಕಾಗಿತ್ತಂತೆ. ಕಂಪನಿ ಹೋದ ಮೇಲೆ ಅದರ ಇಂಡಿಯಾ ಮ್ಯೂಸಿಯಂ ಬ್ರಿಟಿಷ್ ಸರ್ಕಾರದ ಕೈಗೆ ಬಂತು. 1879-80ರಲ್ಲಿ ಅದನ್ನು ಮುಚ್ಚಿ ವಸ್ತುಗಳನ್ನು ಹಂಚಿದರು. ಮನೆ ಪಾಲಾದಾಗ ಪಾತ್ರೆ ಹಂಚಿದ ಹಾಗೆ. ಹುಲಿ ಸೌತ್ ಕೆನ್ಸಿಂಗ್ಟನ್‌ಗೆ ಬಂತು. ಎರಡನೇ ಮಹಾಯುದ್ಧದಲ್ಲಿ ಚಾವಣಿ ಕುಸಿದು ಚೂರಾಯಿತು, ಮತ್ತೆ ಜೋಡಿಸಿದರು.

ಈ 1880 ಅನ್ನುವ ಇಸವಿ ನೆನಪಿಟ್ಟುಕೊಳ್ಳಿ.

ಬ್ರಿಟಿಷ್ ಮ್ಯೂಸಿಯಂನ ಉದ್ದನೆಯ ಏಷ್ಯಾ ಗ್ಯಾಲರಿಯ ಒಂದು ತುದಿಯಲ್ಲಿ, ಗಾಜಿನ ಗೋಡೆಯ ಹಿಂದೆ, ತಿಳಿ ಬೂದು ಬಣ್ಣದ ಸುಣ್ಣದಕಲ್ಲಿನ ಫಲಕಗಳಿವೆ. ಆಂಧ್ರದ ಅಮರಾವತಿಯ ಬೌದ್ಧ ಸ್ತೂಪದ ಕಲ್ಲುಗಳು. ಅಲ್ಲಿಗೆ ಅಷ್ಟು ಜನ ಬರುವುದಿಲ್ಲ. ನಮ್ಮ ಕೃಷ್ಣೆಯ ದಡದ ಕಲ್ಲು ಅಂತ ಹೋಗಿ ನಿಂತವನಿಗೆ, ಅಂದರೆ ನನಗೆ, ಅಲ್ಲಿಂದ ಕಾಲು ಕೀಳಲು ಆಗಲಿಲ್ಲ.

ಒಂದು ಚಪ್ಪಡಿಯನ್ನು ಎರಡೂ ಬದಿಯಿಂದ ನೋಡಬಹುದು. ಅದಕ್ಕೆ ಎರಡು ಮುಖಗಳು. ಒಂದು ಮುಖದಲ್ಲಿ ಮರದ ಕೆಳಗೆ ಖಾಲಿ ಪೀಠ, ಸುತ್ತ ಕೈಮುಗಿದ ಭಕ್ತರು. ಬುದ್ಧನ ಆಕೃತಿ ಇಲ್ಲ, ಪೀಠವೇ ಬುದ್ಧ. ಇದು ಕ್ರಿ.ಪೂ. ಒಂದನೇ ಶತಮಾನದ ಕೆಲಸ. ಮುನ್ನೂರು ವರ್ಷಗಳಾದ ಮೇಲೆ ಯಾರೋ ಆ ಕಲ್ಲನ್ನು ತಿರುಗಿಸಿ, ಹಿಂಬದಿಯಲ್ಲಿ ಇಡೀ ಸ್ತೂಪದ ಚಿತ್ರ ಕೆತ್ತಿದರು. ಮೆಟ್ಟಿಲು, ಬಾಗಿಲ ಸಿಂಹಗಳು, ಗುಮ್ಮಟ, ಮೇಲೆ ಹಾರುವ ದೇವತೆಗಳು, ಎಲ್ಲ ಒತ್ತೊತ್ತಾಗಿ. ಹಳೆಯ ಮುಖದಲ್ಲಿ ಜನ ನಿಧಾನವಾಗಿ, ಬಿಡುಬಿಡುವಾಗಿ ನಿಂತಿದ್ದಾರೆ. ಹೊಸ ಮುಖದಲ್ಲಿ ಒಂದು ಬೆರಳಿಡಲೂ ಜಾಗವಿಲ್ಲ. ಸ್ತೂಪ ಈಗ ನಿಂತಿಲ್ಲ. ಅದು ನಿಂತಿದ್ದಾಗ ಹೇಗಿತ್ತು ಅನ್ನುವುದಕ್ಕೆ ಅದರದೇ ಕಲ್ಲಿನ ಮೇಲಿನ ಈ ಚಿತ್ರ ಸಾಕ್ಷಿ.

ಇದರ ನಂಬರು 1880ರಿಂದ ಶುರುವಾಗುತ್ತದೆ. ಆಮೇಲೆ 0709. ಅಂದರೆ 1880ರ ಜುಲೈ 9. ಹೌದು, ಅದೇ ಇಂಡಿಯಾ ಮ್ಯೂಸಿಯಂ ಹಂಚಿಕೆ. ಟಿಪ್ಪುವಿನ ಹುಲಿ, ಅಮರಾವತಿಯ ಕಲ್ಲು ಎರಡೂ ಒಂದೇ ಸಂಸ್ಥೆಯ ಆಸ್ತಿಯಾಗಿದ್ದವು. ಪಾಲಾದಾಗ ಒಂದು ಆ ಮ್ಯೂಸಿಯಂಗೆ, ಇನ್ನೊಂದು ಈ ಮ್ಯೂಸಿಯಂಗೆ ಹೋದವು. ಅದಕ್ಕೂ ಮುಂಚೆ ಈ ಕಲ್ಲುಗಳ ಪಾಡು ಚೆನ್ನಾಗಿರಲಿಲ್ಲ. 1859ರಲ್ಲಿ ಲಂಡನ್ನಿಗೆ ಬಂದವು, ಆಮೇಲೆ ಒಂದಷ್ಟು ವರ್ಷ ಕುದುರೆಗಾಡಿ ನಿಲ್ಲಿಸುವ ಕೊಟ್ಟಿಗೆಯಲ್ಲಿ ಬಿದ್ದಿದ್ದವು. ಮದರಾಸಿನಲ್ಲಿ ಇದ್ದಾಗಲೂ ಬಯಲಲ್ಲೇ ಬಿಸಿಲು ಮಳೆ ತಿಂದಿದ್ದವು. ನ್ಯಾಯವಾಗಿ ಹೇಳಬೇಕೆಂದರೆ ಅದಕ್ಕೂ ಮೊದಲು, 1790ರ ದಶಕದಲ್ಲಿ, ಅಲ್ಲಿನ ಜಮೀನ್ದಾರರು ಹೊಸ ಪೇಟೆ ಕಟ್ಟಿಸುವಾಗ ಆ ದಿಬ್ಬದ ಕಲ್ಲುಗಳನ್ನೇ ಬಳಸಿಕೊಂಡಿದ್ದರು. ನಮ್ಮವರು ಎಲ್ಲವನ್ನೂ ಕಾಪಾಡಿದ್ದರು, ಬಿಳಿಯರು ಬಂದು ಒಯ್ದರು ಅನ್ನುವಷ್ಟು ಸರಳವಾಗಿಲ್ಲ ಈ ಕಥೆ.

ಮದರಾಸಿಗೆ ಈ ಕಲ್ಲುಗಳನ್ನು ಕಳಿಸಿದವರು ಯಾರು? 1845ರಲ್ಲಿ ಅಮರಾವತಿಯನ್ನು ಅಗೆಸಿದ ವಾಲ್ಟರ್ ಎಲಿಯಟ್. ಈ ಕಲ್ಲುಗಳನ್ನು ಬಹಳ ಕಾಲ 'ಎಲಿಯಟ್ ಮಾರ್ಬಲ್ಸ್' ಅಂತಲೇ ಕರೆಯುತ್ತಿದ್ದರು. ಈ ಹೆಸರು ಎಲ್ಲೋ ಕೇಳಿದ ಹಾಗಿದೆ ಅಲ್ವಾ? ಧಾರವಾಡದಲ್ಲಿ ಕೂತಿರುವ ನೀವು ಕೇಳಿರಲೇಬೇಕು. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯ ಮುಂದೆ ಧಾರವಾಡದ ಕಲೆಕ್ಟರ್ ಥ್ಯಾಕರೆ ಸತ್ತ. ಅವನ ಇಬ್ಬರು ಸಹಾಯಕರನ್ನು ರಾಣಿ ಚೆನ್ನಮ್ಮ ಒತ್ತೆಯಾಳಾಗಿ ಹಿಡಿದಿಟ್ಟುಕೊಂಡಳು. ಒಬ್ಬ ಸ್ಟೀವನ್ಸನ್. ಇನ್ನೊಬ್ಬ ಇದೇ ಎಲಿಯಟ್. ಆಗ ಅವನಿಗೆ ಇಪ್ಪತ್ತೊಂದು ವರ್ಷ. ಕೆಲವು ವಾರ ಸೆರೆಯಲ್ಲಿದ್ದು ಬಿಡುಗಡೆಯಾದ.

ಅವನು ಇದೇ ಸೀಮೆಯಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದ. ಊರೂರು ಸುತ್ತಿ ನೂರಾರು ಕನ್ನಡ ಶಾಸನಗಳ ಪ್ರತಿ ಮಾಡಿಸಿದ. ನಮ್ಮ ಚಾಲುಕ್ಯರ ವಂಶಾವಳಿಯನ್ನು ಶಾಸನಗಳಿಂದ ಕಟ್ಟಲು ಹೊರಟ ಮೊದಲಿಗರಲ್ಲಿ ಅವನೂ ಒಬ್ಬ. ಚೆನ್ನಮ್ಮನ ಕೈದಿ, ಕನ್ನಡ ಶಾಸನಗಳ ಸಂಗ್ರಹಕಾರ, ಅಮರಾವತಿಯ ಕಲ್ಲು ಕಿತ್ತು ಸಾಗಿಸಿದವನು, ಮೂವರೂ ಒಬ್ಬನೇ ಮನುಷ್ಯ. ಅವನನ್ನು ಬರೀ ಕಳ್ಳ ಅನ್ನಲೂ ನನಗೆ ಬಾಯಿ ಬರುವುದಿಲ್ಲ, ಬರೀ ವಿದ್ವಾಂಸ ಅನ್ನಲೂ ಬರುವುದಿಲ್ಲ. ಅವನ ಶಾಸನದ ಪ್ರತಿಗಳಿಂದ ನಮಗೆ ಉಪಕಾರವಾಗಿದೆ. ಅದೇ ಹೊತ್ತಿಗೆ ಅಮರಾವತಿಯಲ್ಲಿ ಇವತ್ತು ನಿಂತು ನೋಡಿದರೆ ಉಳಿದಿರುವುದು ಒಂದು ತಗ್ಗಾದ ದಿಬ್ಬ. ಅದರ ಒಳ್ಳೊಳ್ಳೆಯ ಕಲ್ಲುಗಳನ್ನು ನೋಡಬೇಕಾದರೆ ಚೆನ್ನೈಗೋ ಲಂಡನ್ನಿಗೋ ಹೋಗಬೇಕು.

ನಿಮಗೆ ಇಂಥದ್ದರಲ್ಲಿ ಆಸಕ್ತಿ ಹುಟ್ಟಿದರೆ ಬ್ರಿಟಿಷ್ ಲೈಬ್ರರಿಗೆ ಹೋಗಿ ರೀಡರ್ ಪಾಸ್ ಮಾಡಿಸಿಕೊಳ್ಳಿ. ಅದೂ ಉಚಿತ. ಕಂಪನಿಯ ಮತ್ತು ಅದರ ನಂತರ ಲಂಡನ್ನಿನಿಂದ ಭಾರತದ ಆಡಳಿತ ನೋಡಿದ ಇಂಡಿಯಾ ಆಫೀಸಿನ ಕಡತಗಳು ಅಲ್ಲಿವೆ, ಕಪಾಟುಗಳನ್ನು ಸಾಲಾಗಿ ಇಟ್ಟರೆ ಸುಮಾರು 14 ಕಿಲೋಮೀಟರ್ ಆಗುತ್ತದೆ. ಬೇಕಾದ ಕಡತ ಕೇಳಿದರೆ ತಂದು ಮೇಜಿನ ಮೇಲೆ ಇಡುತ್ತಾರೆ. ಕಾಲಿನ್ ಮೆಕೆಂಝಿಯ ಒಂದು ಚಿತ್ರವೂ ಆ ಲೈಬ್ರರಿಯ ಸಂಗ್ರಹದಲ್ಲಿದೆ. ಟಿಪ್ಪು ಸತ್ತ ಮೇಲೆ ಮೈಸೂರು ಸೀಮೆಯ ಸರ್ವೆ ಮಾಡಿದವನು, ಆಮೇಲೆ ಭಾರತದ ಮೊದಲ ಸರ್ವೇಯರ್ ಜನರಲ್ ಆದವನು. ಥಾಮಸ್ ಹಿಕಿ 1816ರಲ್ಲಿ ಬರೆದ ಚಿತ್ರ. ಕೆಂಪು ಕೋಟಿನ ಮೆಕೆಂಝಿಯ ಸುತ್ತ ಮೂವರು ಭಾರತೀಯ ಸಹಾಯಕರು, ದೂರದಲ್ಲಿ ಬೆಟ್ಟದ ಮೇಲೆ ಗೊಮ್ಮಟ. ಆ ಮೂವರಲ್ಲಿ ಒಬ್ಬರು ಮಲೆಯೂರಿನ ಜೈನ ಪಂಡಿತ ಧರ್ಮಯ್ಯ ಅಂತ ವಿದ್ವಾಂಸರು ಗುರುತಿಸುತ್ತಾರೆ. ಮೆಕೆಂಝಿಗೆ ನಮ್ಮ ಹಳೆಗನ್ನಡ ಶಾಸನ ಓದಿ ಹೇಳಿದವರು ಇಂಥವರು. ಸಂಗ್ರಹಕ್ಕೆ ಹೆಸರು ಮೆಕೆಂಝಿಯದು, ಓದಿದ ಕಣ್ಣು ಧರ್ಮಯ್ಯನವರದು. ಈ ಹೆಸರು ನಮ್ಮ ಕಾಲೇಜುಗಳಲ್ಲಿ ಕೇಳಿಬರಬೇಕು ಅನ್ನುವುದು ನನ್ನ ಆಸೆ.

ದೊಡ್ಡ ಮ್ಯೂಸಿಯಂಗಳ ಬಗ್ಗೆಯೇ ಹೇಳುತ್ತಿದ್ದೇನೆ. ನನಗೆ ನಿಜವಾಗಿ ಪ್ರೀತಿ ಹುಟ್ಟಿದ್ದು ಸಣ್ಣ ಮ್ಯೂಸಿಯಂಗಳ ಮೇಲೆ. ಸರ್ ಜಾನ್ ಸೋನ್ ಅನ್ನುವ ವಾಸ್ತುಶಿಲ್ಪಿಯ ಮನೆ ಇದೆ, 1837ರಲ್ಲಿ ಅವನು ತೀರಿಕೊಂಡಾಗ ಹೇಗಿತ್ತೋ ಆದಷ್ಟು ಹಾಗೇ ಇಟ್ಟಿದ್ದಾರೆ. ಅಲ್ಲಿ ಒಂದು ಕೋಣೆಯ ಗೋಡೆಗಳು ಬಾಗಿಲಿನಂತೆ ತೆರೆದುಕೊಳ್ಳುತ್ತವೆ, ಒಳಗೆ ಇನ್ನೊಂದು ಸಾಲು ಚಿತ್ರಗಳು. ಸಿಬ್ಬಂದಿ ಬಂದು ತೆರೆಯುವವರೆಗೆ ಕಾದು ನಿಲ್ಲಿ.

ಇನ್ನೊಂದು ಪೀಟ್ರಿ ಮ್ಯೂಸಿಯಂ. ಯೂನಿವರ್ಸಿಟಿ ಕಾಲೇಜ್ ಲಂಡನ್ ಆವರಣದಲ್ಲಿದೆ, ಈಜಿಪ್ಟಿನ ವಸ್ತುಗಳಿಗೇ ಮೀಸಲು. ಅಲ್ಲಿ ಒಂದು ಅಂಗಿ ಇದೆ. ನಾರಿನ ಬಟ್ಟೆ, ತೋಳಿನ ಮೇಲೆ ಸಣ್ಣ ಸಣ್ಣ ನೆರಿಗೆ, ಕುತ್ತಿಗೆ ಇಂಗ್ಲಿಷಿನ ವಿ ಆಕಾರದಲ್ಲಿ. ಕೆಳಗಿನ ಭಾಗ ಉಳಿದಿಲ್ಲ. ಇದು ಐದು ಸಾವಿರ ವರ್ಷಕ್ಕಿಂತ ಹಳೆಯದು. ಜಗತ್ತಿನಲ್ಲಿ ಸಿಕ್ಕಿರುವ ನೇಯ್ದ ಉಡುಪುಗಳಲ್ಲಿ ಇದೇ ಅತಿ ಹಳೆಯದು ಎನ್ನುತ್ತಾರೆ. 1913ರಲ್ಲಿ ಕೈರೋದ ದಕ್ಷಿಣಕ್ಕಿರುವ ತರ್ಖಾನ್‌ನಲ್ಲಿ ಒಂದು ಗೋರಿಯಿಂದ ಕೊಳಕು ಬಟ್ಟೆಯ ಗಂಟು ಸಿಕ್ಕಿತ್ತು. ಅದನ್ನು ಯಾರೂ ಬಿಚ್ಚಲಿಲ್ಲ. 1977ರಲ್ಲಿ ಬಟ್ಟೆ ಸಂರಕ್ಷಣೆ ಮಾಡುವವರು ಆ ಗಂಟನ್ನು ಬಿಡಿಸಿ ಶುಚಿ ಮಾಡುವಾಗ ಒಳಗೆ ಈ ಅಂಗಿ. ಅದು ಒಳಮೈ ಹೊರಗಾಗಿತ್ತು, ಅಂದರೆ ತಲೆಯ ಮೇಲಿಂದ ಎಳೆದು ಬಿಚ್ಚಿದ್ದು. ಮೊಣಕೈ ಮತ್ತು ಕಂಕುಳಿನ ಹತ್ತಿರ ಮಡಿಕೆ ಬಿದ್ದಿವೆ. ಸತ್ತವರಿಗಾಗಿ ಹೊಲಿಸಿದ್ದಲ್ಲ, ಬದುಕಿದ್ದ ಯಾರೋ ತೊಟ್ಟು ಓಡಾಡಿದ ಅಂಗಿ. ಮೈಕಟ್ಟು ಸಣ್ಣದು, ಹದಿವಯಸ್ಸಿನವರದ್ದಿರಬಹುದು. ಮಮ್ಮಿ, ಚಿನ್ನ, ಪಿರಮಿಡ್ ಎಲ್ಲ ಸರಿ. ಆದರೆ ಈಜಿಪ್ಟಿನವರೂ ಬೆವರುತ್ತಿದ್ದ ಮನುಷ್ಯರು ಅಂತ ನನಗೆ ಅನಿಸಿದ್ದು ಆ ಕಂಕುಳ ಮಡಿಕೆ ನೋಡಿದಾಗ.

ಗಂಟನ್ನು ಬಿಚ್ಚದೆ ಅರವತ್ತಕ್ಕೂ ಹೆಚ್ಚು ವರ್ಷ ಇಟ್ಟಿದ್ದರು ಅನ್ನುವುದೂ ಮುಖ್ಯ. ಅಗೆದು ತೆಗೆಯುವುದು ಅರ್ಧ ಕೆಲಸ. ಉಳಿದರ್ಧ ನಿಧಾನವಾಗಿ ಕೂತು ಬಿಡಿಸುವ ಜನರಿಂದ ಆಗುತ್ತದೆ. ನಮ್ಮ ಕಡೆ ಅಂಥ ಕೆಲಸ ಕಲಿಯುವವರು ಇನ್ನೂ ಬಹಳ ಬೇಕು.

ಊರು ನೋಡುವುದರ ಬಗ್ಗೆಯೂ ಹೇಳುತ್ತೇನೆ. ಪ್ರೇಕ್ಷಣೀಯ ಸ್ಥಳ ಅಂದರೆ ಟವರ್ ಬ್ರಿಡ್ಜ್, ಬಿಗ್ ಬೆನ್, ಗ್ರೀನಿಚ್. ಅವನ್ನು ನೀವು ಹೇಗೂ ನೋಡುತ್ತೀರಿ. ನೀರಿನ ಇಂಜಿನಿಯರಿಂಗ್ ಓದುವವರಿಗೆ ಸೋಹೋದ ಬ್ರಾಡ್ವಿಕ್ ಬೀದಿಯೇ ಯಾತ್ರಾಸ್ಥಳ. 1854ರಲ್ಲಿ ಅಲ್ಲಿ ಕಾಲರಾ ಬಂದು ನೂರಾರು ಜನ ಸತ್ತರು. ಕೆಟ್ಟ ಗಾಳಿಯಿಂದ ಕಾಲರಾ ಬರುತ್ತದೆ ಅಂತ ಆಗ ಹೆಚ್ಚಿನವರು ನಂಬಿದ್ದರು. ಜಾನ್ ಸ್ನೋ ಅನ್ನುವ ವೈದ್ಯ ಮನೆಮನೆಗೆ ಹೋಗಿ, ಸತ್ತವರು ಯಾವ ಪಂಪಿನ ನೀರು ಕುಡಿದಿದ್ದರು ಅಂತ ಕೇಳಿ ಲೆಕ್ಕ ಹಾಕಿದ. ಎಲ್ಲ ಲೆಕ್ಕವೂ ಒಂದೇ ಪಂಪಿಗೆ ಬಂದು ನಿಂತಿತು. ಆಡಳಿತದವರಿಗೆ ಹೇಳಿ ಅದರ ಹಿಡಿಕೆ ತೆಗೆಸಿದ. ಅಷ್ಟು ಹೊತ್ತಿಗೆ ರೋಗ ಇಳಿಮುಖವಾಗಿತ್ತು ಅನ್ನುವುದೂ ನಿಜ, ಆದರೆ ಅವನ ತರ್ಕ ಉಳಿಯಿತು. ಈಗ ಅಲ್ಲಿ ಹಿಡಿಕೆ ಇಲ್ಲದ ಒಂದು ಪಂಪು ನಿಲ್ಲಿಸಿದ್ದಾರೆ. ಪಕ್ಕದಲ್ಲೇ ಜನ ಊಟ ಮಾಡುತ್ತಾ, ಹರಟುತ್ತಾ ಇರುತ್ತಾರೆ. ನಮ್ಮ ಊರುಗಳಲ್ಲಿ ಇವತ್ತಿಗೂ ಕುಡಿಯುವ ನೀರಿನ ಪೈಪಿಗೆ ಚರಂಡಿ ನೀರು ಸೇರಿ ಮಕ್ಕಳು ಆಸ್ಪತ್ರೆ ಸೇರುತ್ತಾರೆ. ಆ ಪಂಪಿನ ಮುಂದೆ ನಿಂತಾಗ ನನಗೆ ಸಿಟ್ಟೇ ಬಂತು. ಗೊತ್ತಾಗಿ ನೂರೆಪ್ಪತ್ತು ವರ್ಷ ಆಗಿದೆಯಲ್ಲ.

ಅಲ್ಲಿಂದ ನದಿಯ ಕಡೆ ನಡೆದರೆ ಥೇಮ್ಸ್ ದಡದ ಒಡ್ಡುಗಳು. ಜೋಸೆಫ್ ಬಜಲ್ಜೆಟ್ ಅನ್ನುವ ಇಂಜಿನಿಯರ್ ಕಟ್ಟಿಸಿದ್ದು. 1858ರ ಬೇಸಿಗೆಯಲ್ಲಿ ನದಿಯ ನಾತ ಪಾರ್ಲಿಮೆಂಟಿನವರ ಮೂಗಿಗೆ ಬಡಿದ ಮೇಲೆ ಲಂಡನ್ನಿನ ದೊಡ್ಡ ಒಳಚರಂಡಿಗಳಿಗೆ ಹಣ ಮಂಜೂರಾಯಿತು. ಉತ್ತರ ದಡದ ವಿಕ್ಟೋರಿಯಾ ಒಡ್ಡಿನ ಒಳಗೇ ಚರಂಡಿ ಹರಿಯುತ್ತದೆ. ದಕ್ಷಿಣ ದಡದ ಆಲ್ಬರ್ಟ್ ಒಡ್ಡು ಕೂಡ ಅವನದೇ ಕೆಲಸ. ಅದರ ಗುಂಟ ನಡೆದರೆ ಒಂದು ಸಣ್ಣ ಉದ್ಯಾನ ಬರುತ್ತದೆ, ಅಲ್ಲಿ ನಮ್ಮ ಬಸವಣ್ಣನವರಿದ್ದಾರೆ. 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿ ಅನಾವರಣ ಮಾಡಿದ ಪ್ರತಿಮೆ. ನದಿಯ ಆಚೆ ದಡದಲ್ಲಿ ಪಾರ್ಲಿಮೆಂಟು ಕಾಣುತ್ತದೆ. ಮನೆ ನೆನಪಾದಾಗ ನಾನು ಅಲ್ಲಿಗೆ ಹೋಗುತ್ತಿದ್ದೆ. ಇಂಗ್ಲಿಷರಿಗೆ ಅವರು ಯಾರು ಅಂತ ಗೊತ್ತಿರುವುದಿಲ್ಲ, ಓಟಕ್ಕೆ ಬಂದವರು ನಿಂತು ಫಲಕ ಓದುತ್ತಾರೆ. ಕೇಳಿದವರಿಗೆ ಒಂದೆರಡು ವಚನದ ಅರ್ಥ ಹೇಳಿದ್ದೇನೆ.

ಮಾತು ಮುಗಿದ ಮೇಲೆ ಕೆಲವು ಪ್ರಶ್ನೆಗಳು ಬಂದವು. ಅವನ್ನೂ ಸೇರಿಸುತ್ತಿದ್ದೇನೆ.

ಒಬ್ಬ ವಿದ್ಯಾರ್ಥಿನಿ ಕೇಳಿದಳು: ಟಿಪ್ಪುವಿನ ಹುಲಿ, ಅಮರಾವತಿಯ ಕಲ್ಲು ವಾಪಸ್ ಬರಬೇಕಲ್ಲವಾ ಸರ್, ನೀವು ಅದನ್ನು ಹೇಳಲೇ ಇಲ್ಲ.

ಬರಬೇಕು ಅನ್ನುವುದು ನನ್ನ ಅಭಿಪ್ರಾಯ. ಆದರೆ ಅಡ್ಡಿ ಏನು ಅನ್ನುವುದು ತಿಳಿದಿರಲಿ. ಬ್ರಿಟಿಷ್ ಮ್ಯೂಸಿಯಂಗೆ 1963ರ ಕಾಯ್ದೆ ಇದೆ, ವಿಕ್ಟೋರಿಯಾ ಅಂಡ್ ಆಲ್ಬರ್ಟ್‌ಗೆ 1983ರ ಕಾಯ್ದೆ ಇದೆ. ಕೆಲವು ವಿಶೇಷ ಸಂದರ್ಭ ಬಿಟ್ಟರೆ ಸಂಗ್ರಹದ ವಸ್ತುವನ್ನು ಬೇರೆಯವರಿಗೆ ಕೊಟ್ಟುಬಿಡಲು ಆ ಕಾಯ್ದೆಗಳು ಬಿಡುವುದಿಲ್ಲ. ಮ್ಯೂಸಿಯಂನವರು ಮನಸ್ಸು ಮಾಡಿದರೂ ಪಾರ್ಲಿಮೆಂಟು ಕಾಯ್ದೆ ಬದಲಿಸಬೇಕು. ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಮ್ಯೂಸಿಯಂಗಳಿಗೆ ಈ ಕಟ್ಟು ಇಲ್ಲ. 2022ರಲ್ಲಿ ಅವರು ಏಳು ವಸ್ತುಗಳನ್ನು ಭಾರತಕ್ಕೆ ಮರಳಿಸಲು ಒಪ್ಪಿ ಸಹಿ ಹಾಕಿದರು. ಅವುಗಳಲ್ಲಿ ಹೆಚ್ಚಿನವು ಗುಡಿಗಳಿಂದ ಕದ್ದವು. ದಾರಿ ಇಲ್ಲವೇ ಇಲ್ಲ ಅಂತೇನಿಲ್ಲ. ಹುಲಿ ಒಂದು ಸಲ ಎರವಲಾಗಿಯಾದರೂ ಶ್ರೀರಂಗಪಟ್ಟಣಕ್ಕೆ ಬರಲಿ. ಅದನ್ನು ಕೆತ್ತಿದವರ ಊರಿನ ಮಕ್ಕಳು ವೀಸಾ ಇಲ್ಲದೆ ಅದನ್ನು ನೋಡಲಿ. ಅದಕ್ಕೆ ತಕ್ಕ ಕೋಣೆ, ತೇವ ಮತ್ತು ಶಾಖ ಹಿಡಿತದಲ್ಲಿಡುವ ವ್ಯವಸ್ಥೆ, ನುರಿತ ಸಿಬ್ಬಂದಿ, ಇವನ್ನು ನಾವು ಸಿದ್ಧ ಮಾಡಿಕೊಂಡು ಕೇಳಿದರೆ ನಮ್ಮ ಮಾತಿಗೆ ತೂಕ ಬರುತ್ತದೆ.

ಇನ್ನೊಬ್ಬರು, ಎಲ್ಲ ಊರಲ್ಲೂ ಮ್ಯೂಸಿಯಂ ಉಚಿತವಾ ಅಂತ ಕೇಳಿದರು. ಇಲ್ಲ. ಪ್ಯಾರಿಸಿನ ಲೂವ್ರ್‌ಗೆ ಟಿಕೆಟ್ ಇದೆ. ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಮ್ಯೂಸಿಯಂಗಳು ಉಚಿತ. ಯಾವ ಊರಿಗೆ ಹೋದರೂ ನಿಮ್ಮ ವಿದ್ಯಾರ್ಥಿ ಕಾರ್ಡು ಜೇಬಿನಲ್ಲಿರಲಿ, ಕೌಂಟರಿನಲ್ಲಿ ಕೇಳಲು ಸಂಕೋಚ ಬೇಡ. ಲಂಡನ್ನಿನಲ್ಲಿ ನಾನು ವಾಪಸ್ ಬಂದ ಮೇಲೆ, 2025ರ ಮೇ ತಿಂಗಳಲ್ಲಿ, ವಿಕ್ಟೋರಿಯಾ ಅಂಡ್ ಆಲ್ಬರ್ಟ್‌ನವರು ತಮ್ಮ ದಾಸ್ತಾನು ಮಳಿಗೆಯನ್ನೇ ಜನರಿಗೆ ತೆರೆದಿದ್ದಾರೆ. ಮೊದಲೇ ಕೇಳಿಕೊಂಡರೆ ಐದು ವಸ್ತುಗಳವರೆಗೆ ತೆಗೆದು ನಿಮ್ಮ ಮುಂದೆ ಇಡುತ್ತಾರಂತೆ. ನಿಮ್ಮಲ್ಲಿ ಯಾರಾದರೂ ಹೋದರೆ ಇಳಕಲ್ ಸೀರೆ ಇದೆಯಾ ಅಂತ ಕೇಳಿ ನೋಡಿ, ಇದ್ದರೆ ನನಗೂ ತಿಳಿಸಿ.

ಕೊನೆಯಲ್ಲಿ ಹಿಂದಿನ ಸಾಲಿನಿಂದ ಒಬ್ಬ ಹುಡುಗ, ಹೊರದೇಶಕ್ಕೆ ಹೋಗಲು ಆಗದವರು ಏನು ಮಾಡಬೇಕು ಅಂದ.

ಅಮರಾವತಿಯಂಥದೇ ಸ್ತೂಪ ನಮ್ಮ ಕಲಬುರಗಿ ಜಿಲ್ಲೆಯಲ್ಲಿದೆ, ಭೀಮೆಯ ದಡದಲ್ಲಿ, ಸನ್ನತಿಯ ಪಕ್ಕದ ಕನಗನಹಳ್ಳಿಯಲ್ಲಿ. 1986ರಲ್ಲಿ ಸನ್ನತಿಯ ಗುಡಿಯ ಚಾವಣಿ ಕುಸಿದಾಗ, ಕಾಳಿಯ ವಿಗ್ರಹಕ್ಕೆ ಪೀಠವಾಗಿದ್ದ ಕಲ್ಲಿನ ಮೇಲೆ ಅಶೋಕನ ಶಾಸನ ಸಿಕ್ಕಿತು. 1990ರ ದಶಕದಲ್ಲಿ ಪುರಾತತ್ವ ಇಲಾಖೆಯವರು ಕನಗನಹಳ್ಳಿಯಲ್ಲಿ ಅಗೆದಾಗ ಅಮರಾವತಿಯ ಮಾದರಿಯದೇ ಸುಣ್ಣದಕಲ್ಲಿನ ಚಪ್ಪಡಿಗಳು ಬಂದವು. ಒಂದರ ಮೇಲೆ ರಾಣಿಯರ ಜೊತೆ ನಿಂತ ಒಬ್ಬ ರಾಜ, ಪಕ್ಕದಲ್ಲಿ ಬ್ರಾಹ್ಮಿಯಲ್ಲಿ 'ರಾಯೋ ಅಸೋಕೋ' ಅಂತ ಅವನ ಹೆಸರು. ಹೆಸರು ಬರೆದಿರುವ ಅಶೋಕನ ಚಿತ್ರ ನಮ್ಮ ರಾಜ್ಯದಲ್ಲಿದೆ, ನಮ್ಮಲ್ಲಿ ಎಷ್ಟು ಜನ ನೋಡಿದ್ದೇವೆ? ಕೈ ಎತ್ತಿ ಅಂದರೆ ಈ ಹಾಲ್‌ನಲ್ಲಿ ಒಬ್ಬರೂ ಎತ್ತಲಿಲ್ಲ.

ಹತ್ತಿರದ ರೈಲು ನಿಲ್ದಾಣ ನಾಲವಾರ. ದೀಪಾವಳಿ ರಜೆಯಲ್ಲಿ ಕೆಲವರು ಸೇರಿ ಹೋಗುತ್ತಿದ್ದೇವೆ. ಬರುವವರು ನಿಮ್ಮ ಇತಿಹಾಸ ವಿಭಾಗದಲ್ಲಿ ಹೆಸರು ಬರೆಸಿ. ಟೋಪಿ, ನೀರಿನ ಬಾಟಲಿ, ಒಂದು ನೋಟ್‌ಬುಕ್ ತನ್ನಿ.